ಮಹಡಿ ಕೋಣೆಯ ಕೀಲಿ

ಕಚೇರಿಯಿಂದ ಬಂದ ಕಾಗದವನ್ನು ಮೂರು ಸಲ ಓದಿದರೂ ಅದರಲ್ಲಿ ಅದೇ ಇತ್ತು: ಈ ಊರಿನಲ್ಲಿ ಬೆಟ್ಟದ ಮಾತು ಆಡುವ ಮನೆಗಳು, ಸೊನ್ನೆ. ಗೋದಾಮಿನಲ್ಲಿ ಕೂತು ಊರವರು ತಂದ ಬಿಳಿ ಉಣ್ಣೆ ಬೇರೆ, ಕಂದು ಉಣ್ಣೆ ಬೇರೆ ಮಾಡುತ್ತಿದ್ದ ಮೆಣಸಿನಕಾಯಿಗೆ ಮೈಯೆಲ್ಲ ಉರಿದುಹೋಯಿತು. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಊರು ಅವಳಿಗೆ ಇಟ್ಟ ಹೆಸರು ಅದು. ಗೋದಾಮಿನ ಮಹಡಿ ಕೋಣೆಯಲ್ಲಿ ಅವಳು ಹನ್ನೊಂದು ಮಕ್ಕಳಿಗೆ ಬೆಟ್ಟದ ಮಾತನ್ನು ಓದಲು, ಬರೆಯಲು ಕಲಿಸುತ್ತಿದ್ದಳು. ಆಡುವವರೇ ಇಲ್ಲದ ಮಾತಿಗೆ ಕೋಣೆ ಯಾಕೆ ಎಂಬುದು ಕಚೇರಿಯ ಪ್ರಶ್ನೆ. ಗುರುವಾರ ಇನ್ನೊಮ್ಮೆ ಗಣತಿ ಮಾಡುತ್ತೇವೆ, ಹತ್ತು ಮನೆಯಾದರೂ ಸಿಗದಿದ್ದರೆ ಕೀಲಿಯನ್ನು ಗಣತಿಯವನಿಗೆ ಒಪ್ಪಿಸಿ ಎಂದು ಬರೆದಿದ್ದರು.

ಗಣತಿಯವನು ಸುಳ್ಳು ಬರೆದಿರಲಿಲ್ಲ, ಪಾಪ. ಮನೆಮನೆಗೂ ಹೋಗಿ, ಕೂತು, ಕಿವಿಗೆ ಬಿದ್ದದ್ದನ್ನೇ ಬರೆದಿದ್ದ. ತಪ್ಪು ಊರಿನದು. ಬಾಗಿಲಲ್ಲಿ ಹೊರಗಿನವರು ಕಂಡರೆ ಸಾಕು, ಒಳಗಿದ್ದವರ ನಾಲಿಗೆ ತಾನಾಗಿ ಬಯಲಿನ ಮಾತಿಗೆ ತಿರುಗುತ್ತಿತ್ತು. ಬಂದವರಿಗೆ ತಿಳಿಯದ ಮಾತಾಡುವುದೆಂದರೆ ಅವರೆದುರಿಗೇ ಪಿಸುಗುಟ್ಟಿದ ಹಾಗೆ, ಅದಕ್ಕಿಂತ ದೊಡ್ಡ ಅಮರ್ಯಾದೆ ಇಲ್ಲ ಎಂದು ಹುಟ್ಟಿದಾಗಿನಿಂದ ಕಲಿತ ಜನ. ನೆಂಟನ ಬಾಯಲ್ಲಿ ಯಾವ ಮಾತೋ, ಮನೆಯವರ ಬಾಯಲ್ಲೂ ಅದೇ. ಇಂಥ ಮರ್ಯಾದೆಗೆ ಬೆಂಕಿ ಬೀಳ ಎಂದು ಅವಳು ಗೋದಾಮು ಅದುರುವಂತೆ ಕೂಗಿದಳು.

ಬುಧವಾರ ಒಂದು ಮನೆ ಬಿಡದೆ ಹೋಗಿ ಬೆದರಿಸಿದಳು. "ನಾಳೆ ಯಾರ ಬಾಯಲ್ಲಾದ್ರೂ ಬಯಲಿನ ಮಾತು ಬಂತೋ, ಅವ್ರ ಉಣ್ಣೆನ ನಾನು ಮುಟ್ಟಲ್ಲ!"

ಎಲ್ಲರೂ ತಲೆಯಾಡಿಸಿದರು. ಒಪ್ಪದವರು ಒಬ್ಬರೇ, ಅವಳ ಅತ್ತೆ.

"ಮನೆಗೆ ಬಂದವನ ಮುಖಕ್ಕೆ ಹೊಡೆದ ಹಾಗೆ ಮಾತಾಡೋದಾ? ನನ್ನ ಕೈಲಾಗಲ್ಲ ಕಣೇ."

"ಹಾಗಾದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊಳ್ಳಿ," ಎಂದಳು ಸೊಸೆ. ಅತ್ತೆ ಮುಖ ಊದಿಸಿಕೊಂಡು ಒಳಗೆ ಹೋದರು.

ಗುರುವಾರ ಗಣತಿಯವನು ಏದುಸಿರು ಬಿಡುತ್ತ ಏರು ಹತ್ತಿ ಬಂದ. ಮೊದಲ ಮನೆ ಕಮ್ಮಾರನದು. ಎದೆಯುಬ್ಬಿಸಿ ನಿಂತಿದ್ದ ಆ ಮಹಾಶೂರ, ಬಂದವನು ಹಣೆಯ ಬೆವರು ಒರೆಸಿಕೊಂಡದ್ದೇ ತಡ, "ಅಯ್ಯೋ, ದಣಿದಿದ್ದೀರಿ ಸಾರ್, ನೀರು ಕುಡೀರಿ," ಎಂದು ಅಪ್ಪಟ ಬಯಲಿನ ಮಾತಿನಲ್ಲಿ ಉಪಚರಿಸಿಬಿಟ್ಟ. ಊರಿಗೆ ಊರೇ ಹದಿನಾಲ್ಕು ಮನೆ. ಹದಿಮೂರರಲ್ಲೂ ಇದೇ ಕಥೆ. ಆಡಿದ ಮೇಲೆ ಒಬ್ಬೊಬ್ಬರೂ ನಾಲಿಗೆ ಕಚ್ಚಿಕೊಂಡು, ಹಿಂದೆ ನಿಂತ ಮೆಣಸಿನಕಾಯಿಯನ್ನು ಪೆಚ್ಚಾಗಿ ನೋಡುವವರೇ. ಕತ್ತಿಗೆ ನೇತುಹಾಕಿಕೊಂಡಿದ್ದ ಕೀಲಿಯನ್ನು ಅವಳು ಮುಷ್ಟಿಯಲ್ಲಿ ಹಿಡಿದೇ ಇದ್ದಳು. ಅಳು ಬರುತ್ತಿತ್ತು, ಅದಕ್ಕೂ ಸಿಟ್ಟು ಬರುತ್ತಿತ್ತು.

ಉಳಿದದ್ದು ಅವಳ ಮನೆ. ಬೆಳಗಿನಿಂದ ಕಿಟಕಿಯಲ್ಲಿ ಕೂತು ಬೀದಿಯ ಅಷ್ಟೂ ಉಪಚಾರವನ್ನು ಅತ್ತೆ ಕೇಳಿಸಿಕೊಂಡಿದ್ದರು.

"ಅಜ್ಜಿ, ಒಳಗೆ ಬರ್ಲಾ?" ಗಣತಿಯವನು ಬಯಲಿನ ಮಾತಿನಲ್ಲಿ ಕೇಳಿದ.

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೆಟ್ಟದ ಮಾತಿನಲ್ಲಿ "ಕೂತ್ಕೋ" ಎಂದರು.

ಅವನು ಕಣ್ಣು ಕಣ್ಣು ಬಿಟ್ಟ. ಅದನ್ನು ಅವನಿಗೆ ಬಯಲಿನ ಮಾತಿನಲ್ಲಿ ಬಿಡಿಸಿ ಹೇಳಲು ಬಾಯಿ ತೆರೆದವಳು ಬೇರೆ ಯಾರೂ ಅಲ್ಲ, ಮೆಣಸಿನಕಾಯಿಯೇ! ಅತ್ತೆ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

"ಬಾಯಿಗೆ ಬೀಗ," ಎಂದರು.

ಆಮೇಲೆ ಕುರ್ಚಿ ಎಳೆದು, ಅದನ್ನು ತಟ್ಟಿ, ಮತ್ತೆ ಅದೇ ಮಾತು ಹೇಳಿದರು. ಅವನು ಕೂತ. ಅವನನ್ನು ಎಬ್ಬಿಸಿ ತಾವು ಕುರ್ಚಿಯ ಪಕ್ಕ ನಿಂತು, ಈಗ ನೀನು ಹೇಳು ಎನ್ನುವಂತೆ ಗಲ್ಲ ಎತ್ತಿದರು. ಅವನು ತೊದಲಿದ. ಮೂರನೆಯ ಸಲಕ್ಕೆ ಮಾತು ಸರಿಯಾಗಿ ಬಂತು, ಅತ್ತೆ ಕೂತರು.

"ಮರ್ಯಾದೆ ಮಾಡಿ ಮಾಡಿ ಸೊನ್ನೆ ಅನ್ನಿಸ್ಕೊಂಡ್ವಿ," ಎಂದರು ಸೊಸೆಗೆ. "ತಿಳೀದ ಮಾತಾಡ್ಬಾರ್ದು, ನಿಜ. ಅದಕ್ಕೇ ತಿಳಿಸ್ಬಿಟ್ಟೆ. ಈಗ ನೆಂಟನ ಬಾಯಲ್ಲೂ ನಮ್ಮ ಮಾತೇ ಇದೆ. ಇನ್ಮೇಲೆ ಅವನೆದುರು ಬಯಲಿನ ಮಾತಾಡೋದೇ ಅಮರ್ಯಾದೆ. ನಡಿ, ಕಮ್ಮಾರನ ಮನೆಗೆ."

ಕಮ್ಮಾರನ ಮನೆಯಲ್ಲಿ ಗಣತಿಯವನು ತನಗೆ ಬರುತ್ತಿದ್ದ ಆ ಒಂದೇ ಮಾತನ್ನು ಆಡಿದ. ಮನೆಯ ಯಜಮಾನನಿಗೇ ಕೂತ್ಕೋ ಎಂದ! ಕಮ್ಮಾರ ಹೊಟ್ಟೆ ಹುಣ್ಣಾಗುವಂತೆ ನಕ್ಕು ಕೂತ. ನಾಲಿಗೆ ತಾನಾಗಿ ಬೆಟ್ಟದ ಮಾತಿಗೆ ತಿರುಗಿತು, ತಿರುಗಿದ್ದು ನಿಲ್ಲಲೇ ಇಲ್ಲ. ಮುಂದಿನ ಮನೆಯಲ್ಲೂ ಹಾಗೇ, ಅದರ ಮುಂದಿನದರಲ್ಲೂ. ಗಣತಿಯವನು ಸೊನ್ನೆಯ ಮೇಲೆ ಗೀಟು ಎಳೆದು ಹದಿನಾಲ್ಕು ಎಂದು ಬರೆದ.

ಬರೆದು ಮುಗಿಸಿ ಕೆಮ್ಮಿದ. "ಆದ್ರೂ ಮೇಲಿನವರು ನೋಡಿ ಒಪ್ಪೋ ತನಕ ಕೀಲಿ ನನ್ನ ಹತ್ರ ಇರ್ಲಿ. ಆದೇಶ ಇದೆ."

"ಕೇಳೋದಿದ್ರೆ ನಮ್ಮ ಮಾತಲ್ಲೇ ಕೇಳು," ಎಂದಳು ಮೆಣಸಿನಕಾಯಿ, ಬೆಟ್ಟದ ಮಾತಿನಲ್ಲಿ.

ಅರ್ಥವಾಗದಿದ್ದರೂ, ಬೆಟ್ಟದ ಮಾತಿನಲ್ಲಿ ಕೇಳದೆ ಕೀಲಿ ಸಿಗದು ಎಂಬುದು ಅವಳ ಮುಖ ನೋಡಿ ಅವನಿಗೆ ತಿಳಿಯಿತು. ಅತ್ತೆಯ ಕಡೆ ತಿರುಗಿ, ಗಾಳಿಯಲ್ಲಿ ಬೀಗ ತೆಗೆದಂತೆ ಬೆರಳು ತಿರುಗಿಸಿ, "ಇದಕ್ಕೆ ನಿಮ್ಮ ಮಾತಲ್ಲಿ ಏನಂತಾರೆ ಅಜ್ಜಿ?" ಎಂದು ಗೋಗರೆದ.

ಅತ್ತೆ ಅವನನ್ನು ಪ್ರೀತಿಯಿಂದ ನೋಡಿ, ಕುರ್ಚಿ ತಟ್ಟಿ ಕೂರಿಸಿ, ಕುಡಿಯಲು ನೀರು ಕೊಟ್ಟರು. ಆಮೇಲೆ ಸೊಸೆಗೆ ಹೇಳಿದರು:

"ಆ ಒಂದು ಮಾತು ಮಾತ್ರ ಇವನಿಗೆ ಕಲಿಸ್ಬೇಡ ಕಣೇ."