ನಾನೇ ಕಳಿಸಿದ್ದು

ಗಡಿಯಾರ ರಿಪೇರಿಯಾದ ಮೇಲೆ ಮಾವ ಅದನ್ನು ತಕ್ಷಣ ಗಿರಾಕಿಯ ಕೈಗೆ ಕೊಡುವುದಿಲ್ಲ. ಮೊದಲು ಅವರ ಕಿವಿಯ ಹತ್ತಿರ ಹಿಡಿಯುತ್ತಾರೆ. ಗಿರಾಕಿ ಉಸಿರು ಹಿಡಿದು ಕೇಳುತ್ತಾರೆ, ಮಾವ ಅವರ ಮುಖ ನೋಡುತ್ತಾರೆ. ಇಬ್ಬರೂ ಮಾತಾಡುವುದಿಲ್ಲ. ಗೋಡೆ ಗಡಿಯಾರವಾದರೆ ಗಿರಾಕಿಯೇ ಬಗ್ಗಿ ಕಿವಿ ಕೊಡಬೇಕು. ಡಿಗ್ರಿ ಮುಗಿಸಿ ನಾಲ್ಕು ದಿನಕ್ಕೆಂದು ಸೋದರಮಾವನ ಮನೆಗೆ ಬಂದ ನಾನು ಏಳು ತಿಂಗಳಾದರೂ ಹೊರಡದೆ ಅವರ ಗಡಿಯಾರದ ಅಂಗಡಿಯಲ್ಲೇ ಕೂತುಬಿಟ್ಟಿದ್ದಕ್ಕೆ ಆ ಅರ್ಧ ನಿಮಿಷದ ಮೌನವೇ ಕಾರಣ.

ತೊಂದರೆ ಇದ್ದದ್ದು ಅದರ ನಂತರ. "ಎಷ್ಟಾಯ್ತು?" ಎಂದು ಗಿರಾಕಿ ಕೇಳಿದರೆ ಮಾವ ನಿದ್ದೆಯಿಂದ ಎದ್ದವರಂತೆ, "ಇರಲಿ ಬಿಡಿ, ಆಮೇಲೆ ನೋಡೋಣ" ಎನ್ನುತ್ತಿದ್ದರು. ಆ 'ಆಮೇಲೆ' ಬರುತ್ತಲೇ ಇರಲಿಲ್ಲ. ಗಿರಾಕಿಗಳು ಕೆಟ್ಟವರೇನಲ್ಲ, ನಾಳೆ ಕೊಟ್ಟರಾಯಿತು ಎಂದುಕೊಂಡು ಮರೆತವರು. ಕೇಳಿದರೆ ತಕ್ಷಣ ಕೊಡುತ್ತಿದ್ದರು. ಆದರೆ ಮಾವ ಕೇಳುತ್ತಲೇ ಇರಲಿಲ್ಲ. ಬಾಕಿ ಇದ್ದವರು ಎದುರಿಗೆ ಬಂದರೆ ಮಾವನೇ ತಲೆ ತಗ್ಗಿಸಿ ರಸ್ತೆಯ ಆ ಬದಿಗೆ ದಾಟುತ್ತಿದ್ದರು.

ಅತ್ತೆಯ ರೀತಿ ಬೇರೆ. ಅವರು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಇಪ್ಪತ್ತು ವರ್ಷದಿಂದ ಕೂತವರು. ಅಲ್ಲಿ ದುಡ್ಡು ಮೊದಲು, ಟಿಕೆಟ್ ಆಮೇಲೆ. ಒಂದು ಭಾನುವಾರ ಊಟಕ್ಕೆ ಕೂತಾಗ ಅವರು ಮಾತೆತ್ತಿದರು.

"ಅಂಗಡಿಯ ಮೂರು ತಿಂಗಳ ಬಾಡಿಗೆ ನನ್ನ ಸಂಬಳದಿಂದ ಹೋಯ್ತು. ಫೋನ್ ಕವರ್ ಮಾರೋನು ಕಿಟಕಿ ಬಾಡಿಗೆಗೆ ಕೇಳ್ತಿದ್ದಾನೆ. ಶನಿವಾರ ಅಳತೆ ತಗೊಳ್ಳೋಕೆ ಬರ್ತಾನೆ."

"ಕಿಟಕೀನಾ?" ಎಂದರು ಮಾವ.

"ಕಿಟಕಿ, ಅದರ ಮುಂದಿರೋ ಜಾಗ, ಎರಡೂ. ನೀವು ಮೇಜು ಎತ್ಕೊಂಡು ಹಿಂದೆ ಹೋಗಿ. ಟ್ಯೂಬ್‌ಲೈಟ್ ಹಾಕಿಸ್ಕೊಡ್ತೀನಿ. ಬೇಡ ಅಂದ್ರೆ ಅಷ್ಟರೊಳಗೆ ಆ ಮೂರು ತಿಂಗಳದ್ದನ್ನ ಗಿರಾಕಿಗಳ ಹತ್ರ ವಸೂಲಿ ಮಾಡಿ ತೋರಿಸಿ. ಆಗ ಕಿಟಕಿ ತಂಟೆಗೆ ನಾನು ಬರಲ್ಲ."

ಅದು ಬರೀ ಕಿಟಕಿಯಾಗಿರಲಿಲ್ಲ. ಕೈಗಡಿಯಾರದೊಳಗೆ ಕೂದಲಿಗಿಂತ ತೆಳ್ಳಗಿನ ಒಂದು ಸುರುಳಿ ಸ್ಪ್ರಿಂಗ್ ಇರುತ್ತದೆ. ಆ ಕಿಟಕಿಯಿಂದ ಬರುವ ಹಗಲಿನ ಬೆಳಕಿನಲ್ಲಿ ಮಾತ್ರ ಅದರ ಒಂದೊಂದು ಸುತ್ತೂ ಮಾವನಿಗೆ ಬೇರೆಬೇರೆಯಾಗಿ ಕಾಣುತ್ತಿತ್ತು. ಅವರಿಗೆ ಐವತ್ತೆಂಟು. ಹಿಂದಿನ ಮೂಲೆಯಲ್ಲಿ ಕೂತು ಬ್ಯಾಟರಿ ಬದಲಾಯಿಸಬಹುದು, ಹೊಸ ಬೆಲ್ಟ್ ಹಾಕಿಕೊಡಬಹುದು, ಅಷ್ಟೆ. ಇದು ಅತ್ತೆಗೂ ಗೊತ್ತಿತ್ತು. ಹಾಗಾಗಿಯೇ ಅವರು ಹೇಳುವಾಗ ಮಾವನ ಕಡೆ ನೋಡದೆ ತಟ್ಟೆ ನೋಡುತ್ತಿದ್ದರು. ಊಟವಾದ ಮೇಲೆ ಮಾವ ಅಂಗಡಿಗೆ ಹೋಗಿ ಕಿಟಕಿಯ ಗಾಜನ್ನು ಒಳಗೂ ಹೊರಗೂ ಒರೆಸಿ ಬಂದರು.

ಮರುದಿನ ಬೆಳಿಗ್ಗೆ ನಾನು ಕೇಳಿದೆ: "ಮಾವ, ಬಾಯಿ ಬಿಟ್ಟು ಕೇಳದೇನೇ ದುಡ್ಡು ಬರೋ ಹಾಗಿದ್ರೆ?"

"ಕನಸು ಬಿತ್ತಾ?"

"ಇಲ್ಲ, ಎಲ್ಲ ಅಂಗಡಿಯವರೂ ಮಾಡ್ತಿದ್ದಾರೆ. ಗಿರಾಕಿ ನಂಬರು, ಕೊಡಬೇಕಾದ ಮೊತ್ತ, ಎರಡನ್ನೂ ಫೋನಲ್ಲಿ ತುಂಬೋದು. ಒಂದು ಲಿಂಕ್ ಆಗುತ್ತೆ. ಅದನ್ನ ಮೆಸೇಜಲ್ಲಿ ಕಳಿಸಿದ್ರೆ ಮುಗೀತು. ಅವರು ಒತ್ತಿದ್ರೆ ನಮ್ಮ ಅಂಗಡಿ ಹೆಸರು, ಮೊತ್ತ ಕಾಣುತ್ತೆ. ಕಾರ್ಡಲ್ಲೋ ಬ್ಯಾಂಕಿಂದಲೋ ಅಲ್ಲೇ ಕಟ್ತಾರೆ. ಅವರಿಗೂ ರಸೀದಿ, ನಮಗೂ ರಸೀದಿ."

"ನಾನು ಅವರ ಮುಖ ನೋಡಬೇಕಾ?"

"ಬೇಡ."

"ಅವರು ನನ್ನ ಮುಖ?"

ಚಪ್ಪಲಿ ಮೆಟ್ಟುತ್ತಿದ್ದ ಅತ್ತೆ ಬಾಗಿಲಿಂದಲೇ ಹೇಳಿದರು: "ನಿಮ್ಮ ಮುಖ ನೋಡಿ ಇಷ್ಟು ವರ್ಷ ಯಾರು ಕೊಟ್ಟಿದ್ದಾರೆ ಹೇಳಿ."

ಇಡೀ ಬೆಳಿಗ್ಗೆ ಹೋದದ್ದು ಮೆಸೇಜಿನ ಒಕ್ಕಣೆಗೆ. ಬಾಕಿ ಎಂಬ ಮಾತು ಬೇಡ, ಚುಚ್ಚಿದ ಹಾಗಾಗುತ್ತದೆ ಎಂದರು ಮಾವ. ಪಾವತಿಸಿ ಎನ್ನುವುದು ಸರ್ಕಾರಿ ನೋಟಿಸಿನ ಹಾಗಿದೆ. ದಯವಿಟ್ಟು ಎಂದರೆ ಅಂಗಲಾಚಿದ ಹಾಗೆ. ಕಡಿಮೆ ಮಾತೆಂದರೆ ನನಗೂ ಇಷ್ಟವೇ, ನಾನೂ ನಾಲ್ಕು ಪದ ಹೊಡೆದುಹಾಕಿದೆ. "ನನ್ನ ಹೆಸರಂತೂ ಬೇಡಮ್ಮ. ಹೆಸರು ಹಾಕಿದ್ರೆ ನಾನೇ ಅವರ ಬಾಗಿಲಲ್ಲಿ ನಿಂತು ಕೇಳಿದ ಹಾಗಾಗುತ್ತೆ" ಎಂದು ಮಾವ ಅದನ್ನೂ ತೆಗೆಸಿದರು. ಕೊನೆಗೆ ಉಳಿದದ್ದು ಇಷ್ಟು:

'ನಿಮ್ಮ ಗಡಿಯಾರ ನಡೆಯುತ್ತಿದೆ. ಇಲ್ಲಿ ಒತ್ತಿ.'

ಇದರಲ್ಲಿ ಹೆಚ್ಚಿನದು ಒಂದಕ್ಷರವೂ ಇಲ್ಲವೆಂದು ನಾವಿಬ್ಬರೂ ಬೀಗಿದೆವು. ಇಪ್ಪತ್ತಮೂರು ಮಂದಿಗೆ ಕಳಿಸಿ, ಫೋನನ್ನು ಚಿಮಟಗಳ ಪಕ್ಕದಲ್ಲಿಟ್ಟು ಕಾದೆವು. ಸಂಜೆಯವರೆಗೂ ಅದು ತುಟಿ ಪಿಟಕ್ ಎನ್ನಲಿಲ್ಲ.

ಮಂಗಳವಾರ ಬೆಳಿಗ್ಗೆ ಅಂಗಡಿ ತೆರೆಯುವುದನ್ನೇ ಕಾಯುತ್ತಿದ್ದವನಂತೆ ಎದುರಿನ ಬೇಕರಿಯವನು ಒಳಗೆ ನುಗ್ಗಿದ. ತನ್ನ ಫೋನನ್ನು ಒಲೆಯಿಂದ ಈಗಷ್ಟೇ ತೆಗೆದ ತಟ್ಟೆಯ ಹಾಗೆ ದೂರ ಹಿಡಿದಿದ್ದ.

"ಅಣ್ಣಾ, ಹುಷಾರು! ನಿಮ್ಮ ಗಿರಾಕಿಗಳ ನಂಬರೆಲ್ಲ ಯಾವನೋ ಕಳ್ಳ ಲಪಟಾಯಿಸಿದ್ದಾನೆ. ನೋಡಿ ಇಲ್ಲಿ. ನಿಮ್ಮ ಗಡಿಯಾರ ನಡೆಯುತ್ತಿದೆಯಂತೆ! ಓದಿದ್ರೆ ಎದೆ ಝಲ್ ಅನ್ನುತ್ತೆ. ನನ್ನ ಹೆಂಡ್ತಿ ಅಂತೂ ನನಗೆ ಇನ್ನೆಷ್ಟು ದಿನ ಉಳಿದಿದೆಯೋ ಅಂತ ಅತ್ತೇಬಿಟ್ಲು. ಕಟಿಂಗ್ ಶಾಪ್‌ನವನಿಗೂ ಬಂದಿದೆ. ನಮಗೆಲ್ಲ ಗಡಿಯಾರ ಅಂದ್ರೆ ನೀವೇ ತಾನೆ?"

ಮಾವ ಮೆಸೇಜ್ ನೋಡಿದರು, ನನ್ನನ್ನು ನೋಡಿದರು. ಈಗ ಹೇಳುತ್ತಾರೆ ಎಂದು ನಾನು ಕಾದೆ.

"ಅಯ್ಯೋ, ಹೌದಾ?" ಎಂದರು ಮಾವ. "ಒತ್ತಬೇಡಿ ಮತ್ತೆ."

ಬೇಕರಿಯವನು ಹೋದ ಮೇಲೆ ನಾನು ಜಗಳಕ್ಕೇ ನಿಂತೆ. "ಮಾವ! ಏನಿದು?"

"ಪಾಪ, ಒಲೆ ಬಿಟ್ಟು ಓಡಿ ಬಂದಿದ್ದಾನೆ ಕಣಮ್ಮ. ಆ ಕಳ್ಳ ನಾನೇ ಅಂತ ಹೇಗೆ ಹೇಳಲಿ?"

ಆಮೇಲೆ ಸಾಲು ಹಿಡಿಯಿತು. ಕಟಿಂಗ್ ಶಾಪ್‌ನವನು ಬಂದು, "ನಿಮಗೆ ಕೊಡೋದಿದ್ರೆ ಕೈಗೇ ಕೊಡಲ್ವಾ ನಾವು? ಮೆಸೇಜ್ ಬೇರೆ ಬೇಕಾ?" ಎಂದು ಆ ಕಳ್ಳನ ಮೇಲೆ ಕೆಂಡ ಕಾರಿ, ಏನನ್ನೂ ಕೊಡದೆ ಹೋದ. ಹಲ್ಲಿನ ಡಾಕ್ಟರ್ ಬಿಳಿ ಕೋಟಿನಲ್ಲೇ ಓಡಿ ಬಂದರು. "ಒಬ್ರು ಬಾಯಿ ತೆರೆದುಕೊಂಡು ಕೂತಿದ್ದಾರೆ, ಬೇಗ ಹೋಗಬೇಕು. ಲಿಂಕ್ ಮಾತ್ರ ಮುಟ್ಟಬೇಡಿ." ಸಂಜೆಯೊಳಗೆ ಒಂಬತ್ತು ಮಂದಿ ಬಂದು ಎಚ್ಚರಿಸಿದರು. ಒಂಬತ್ತೂ ಮಂದಿಗೆ ಮಾವ ಒತ್ತಬೇಡಿ ಎಂದೇ ಹೇಳಿ ಕಳಿಸಿದರು. ಬುಧವಾರ ಇನ್ನೂ ನಾಲ್ವರು. ಬೇಕರಿಯವನ ಹೆಂಡತಿ ಸಮಾಧಾನಕ್ಕೆಂದು ಒಂದು ಬ್ರೆಡ್ಡು ಕಳಿಸಿದಳು. ಇಪ್ಪತ್ತಮೂರು ಮೆಸೇಜಿಗೆ ನಮಗೆ ಬಂದ ಗಳಿಕೆ ಅದೊಂದೇ.

ಅತ್ತೆ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಒರೆಸಿಕೊಂಡು, ಬ್ರೆಡ್ಡು ಹೆಚ್ಚುತ್ತಾ, "ಶನಿವಾರ ಹತ್ತು ಗಂಟೆಗೆ ಬರ್ತಾನಂತೆ" ಎಂದರು. ಆಮೇಲೆ ಯಾರೂ ನಗಲಿಲ್ಲ.

ಗುರುವಾರ ಬಂದವರು ದೊಡ್ಡ ಟೀಚರ್. ಕೆಲಸದಿಂದ ನಿವೃತ್ತರಾದರೂ ಬೀದಿಯನ್ನು ಇನ್ನೂ ಒಂದು ತರಗತಿಯಂತೆ ನೋಡುವವರು. ಅವರ ಕೈಯಲ್ಲಿ ಗೆರೆ ಹಾಕಿದ ಎರಡು ಹಾಳೆ ಇದ್ದವು. ಪೊಲೀಸರಿಗೆ ದೂರು. ಕೆಳಗೆ ಹನ್ನೊಂದು ಸಹಿ.

"ಮೊದಲನೇ ಜಾಗ ಖಾಲಿ ಬಿಟ್ಟಿದ್ದೀನಿ. ಅಲ್ಲಿ ನಿಮ್ಮ ಸಹಿ. ನಿಮ್ಮ ಗಿರಾಕಿಗಳಿಗೇ ಟೋಪಿ ಹಾಕೋಕೆ ಬಂದವನನ್ನ ಸುಮ್ನೆ ಬಿಡಬಾರದು. ತಗೊಳ್ಳಿ ಪೆನ್ನು."

ಮಾವ ಪೆನ್ನು ತೆಗೆದುಕೊಂಡರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಸರಿಸಿದರು. ಸಹಿ ಬಿದ್ದು ದೂರು ಹೋದರೆ ಲಿಂಕುಗಳು ನಿಲ್ಲುತ್ತವೆ, ಬಾಕಿ ಬರುವ ದಾರಿ ಮುಚ್ಚುತ್ತದೆ, ನಾಡಿದ್ದು ಕಿಟಕಿಯೂ ಹೋಗುತ್ತದೆ. ಅಂಗಡಿಯಲ್ಲಿ ಮೂವತ್ತಕ್ಕೂ ಹೆಚ್ಚು ಗಡಿಯಾರಗಳಿದ್ದವು. ಮಾತಿಲ್ಲದ ಹೊತ್ತಿನಲ್ಲಿ ಅವು ಒಂದೊಂದೂ ಬೇರೆ ಹೆಜ್ಜೆಯಲ್ಲಿ ನಡೆಯುವುದು ಕೇಳುತ್ತದೆ. ಆ ಮೌನ ಮೊದಲ ಬಾರಿಗೆ ನನಗೆ ತಡೆಯಲಾಗಲಿಲ್ಲ. ನಾನೇ ಹೇಳಿಬಿಡೋಣವೆಂದು ಬಾಯಿ ತೆರೆದೆ. ಮಾವ ಕೈಯೆತ್ತಿ ನನ್ನನ್ನು ತಡೆದರು.

"ಟೀಚರ್, ಇದಕ್ಕೆ ಸಹಿ ಹಾಕಿದ್ರೆ ನನ್ನನ್ನ ನಾನೇ ಹಿಡಿಸಿಕೊಟ್ಟ ಹಾಗಾಗುತ್ತೆ."

"ಏನಂದ್ರಿ?"

"ನಾನೇ ಕಳಿಸಿದ್ದು." ಮಾವನ ಕಿವಿ ಕೆಂಪಾಗಿತ್ತು, ಆದರೆ ಮಾತು ನಿಲ್ಲಲಿಲ್ಲ. "ನಿಮ್ಮ ಅಲಾರಂ ಗಡಿಯಾರದ ದುಡ್ಡು. ಮುನ್ನೂರು. ಹೋದ ವರ್ಷದ್ದು. ನನಗೆ ಅದು ಬೇಕು."

ಟೀಚರ್ ಸ್ಟೂಲ್ ಎಳೆದುಕೊಂಡು ಕೂತರು. "ಹಾಗಾದ್ರೆ ಒತ್ತಬೇಡಿ ಅಂತ ಬೀದಿಗೆಲ್ಲ ಹೇಳಿದ್ದು?"

"ಅದೂ ನಾನೇ."

"ಮೂವತ್ತಾರು ವರ್ಷ ಪಾಠ ಮಾಡಿದ್ದೀನಿ. ತನ್ನ ಉತ್ತರಪತ್ರಿಕೆಗೆ ತಾನೇ ಸೊನ್ನೆ ಹಾಕ್ಕೊಂಡ ಹುಡುಗನ್ನ ಇವತ್ತೇ ನೋಡಿದ್ದು." ಅವರು ಕನ್ನಡಕ ಹಾಕಿಕೊಂಡು ಮೆಸೇಜನ್ನು ಮತ್ತೆ ಓದಿದರು. "ಯಾರು ಬರೆದಿದ್ದು ಇದು?"

ನಾನು ಕೈ ಎತ್ತಿದೆ. ತರಗತಿಯಲ್ಲಿ ಎತ್ತಿದ ಹಾಗೇ.

"ಡಿಗ್ರಿ ಓದಿದ್ದೀಯಲ್ಲಮ್ಮ! ಹೆಸರಿಲ್ಲ, ವಿಷಯ ಇಲ್ಲ, ಎಷ್ಟು, ಯಾಕೆ, ಏನೂ ಇಲ್ಲ. ಇವರೇ ಕಳಿಸಿದ್ದು ಅಂತ ನಮಗೆ ಗೊತ್ತಾಗೋದು ಹೇಗೆ? ನನ್ನ ಗಡಿಯಾರಕ್ಕೆ ಏನಾಗಿತ್ತು ಅಂತಾದ್ರೂ ಬರೀಬಾರದಾ?"

"ಅದರ ಗಂಟೆ ಬಾರಿಸೋ ಸುತ್ತಿಗೆ ಬಗ್ಗಿತ್ತು" ಎಂದರು ಮಾವ. ಗಡಿಯಾರದ ಮಾತು ಬಂದರೆ ಅವರ ದನಿಯೇ ಬೇರೆ. "ದಿನಾ ಬೆಳಿಗ್ಗೆ ಯಾರೋ ಅದರ ತಲೆ ಮೇಲೆ ಗುದ್ದಿ ಗುದ್ದಿ ನಿಲ್ಲಿಸ್ತಿದ್ರು."

"ಯಾರೋ ಏನು, ನಾನೇ" ಎಂದರು ಟೀಚರ್, ಸ್ವಲ್ಪ ತಗ್ಗಿದ ದನಿಯಲ್ಲಿ.

"ಅದನ್ನ ನೆಟ್ಟಗೆ ಮಾಡಿದೆ. ಹಿಂದಿನ ಮುಚ್ಚಳದ ಒಳಗೆ ನನ್ನ ಗುರುತು ಇದೆ, ಮೂರು ಚುಕ್ಕೆ."

ಮಾವ ಹೇಳಿದ್ದನ್ನು ನಾನು ಹಾಗೆಯೇ ಬರೆದೆ, ಲಿಂಕ್ ಸೇರಿಸಿದೆ. ಕೊನೆಗೆ, 'ಇದನ್ನು ನಾನೇ ಕಳಿಸಿದ್ದು. ಕಿಟಕಿಯ ಹತ್ತಿರದ ಗಡಿಯಾರದವನು' ಎಂದು ಹಾಕಿಸಿದವರು ಟೀಚರ್. ಮೆಸೇಜ್ ಅವರ ಕೈಚೀಲದೊಳಗೆ ಗುಂಯ್‌ಗುಟ್ಟಿತು. ಅವರು ಗಟ್ಟಿಯಾಗಿ ಓದಿ, ಒತ್ತಿ, ಕಟ್ಟಿದರು. ಚಿಮಟಗಳ ಪಕ್ಕದಲ್ಲಿದ್ದ ನನ್ನ ಫೋನು ಟಿಣ್ ಎಂದಿತು. ಮಾವ ಬೆಚ್ಚಿಬಿದ್ದರು. ಅವರ ಅಂಗಡಿಯಲ್ಲಿ ಅಂಥ ಸದ್ದು ಯಾವತ್ತೂ ಆಗಿರಲಿಲ್ಲ.

ಟೀಚರ್ ದೂರನ್ನು ಎರಡು ತುಂಡು ಮಾಡಿ, ಹನ್ನೊಂದು ಸಹಿಯವರಿಗೆ ಸಮಾಚಾರ ಮುಟ್ಟಿಸಲು ಹೊರಟರು. ಅದರಲ್ಲಿ ಅವರಿಗೆ ದೂರು ಕೊಡುವುದಕ್ಕಿಂತ ಹೆಚ್ಚು ಸಂತೋಷ ಕಂಡಿತು.

ಉಳಿದ ಇಪ್ಪತ್ತೆರಡು ಗಡಿಯಾರಗಳನ್ನು ಮಾವ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಂದೊಂದಾಗಿ ಮತ್ತೆ ಬಿಚ್ಚಿದರು. ಒಂದನ್ನೂ ಮರೆತಿರಲಿಲ್ಲ. ಬೇಕರಿಯವನಿಗೆ: 'ನಿಮ್ಮ ಕೈಗಡಿಯಾರದೊಳಗೆ ಹಿಟ್ಟು ಸೇರಿತ್ತು. ಎರಡು ಸಲ ತೊಳೆದೆ. ನೂರ ಎಂಬತ್ತು. ನಾನೇ ಕಳಿಸಿದ್ದು.' ಕಟಿಂಗ್ ಶಾಪ್‌ಗೆ: 'ನಿಮ್ಮ ಗೋಡೆ ಗಡಿಯಾರದ ಚಕ್ರಕ್ಕೆ ಕೂದಲು ಸುತ್ತಿಕೊಂಡಿತ್ತು. ಉದ್ದ ನೋಡಿದರೆ ನಿಮ್ಮದಲ್ಲ.' ಆತನ ತಲೆ ನುಣ್ಣಗಿತ್ತು. ಇದನ್ನೂ ಬರೀಬೇಕಾ ಎಂದು ನಾನು ಕೇಳಿದ್ದಕ್ಕೆ, "ಬರಿ, ನಾನಲ್ಲದೆ ಇನ್ಯಾರು ಹೇಳ್ತಾರೆ ಇದನ್ನ?" ಎಂದರು ಮಾವ.

ಶುಕ್ರವಾರ ಫೋನು ಸುಮ್ಮನಿರಲೇ ಇಲ್ಲ. ಕಟಿಂಗ್ ಶಾಪ್‌ನವನು ನಗುತ್ತಾ ಬಂದು, "ನಿಮ್ಮ ಎದುರಿಗೇ ಒತ್ತುತ್ತೀನಿ, ಆಮೇಲೆ ಮತ್ತೆ ಅಯ್ಯೋ ಹೌದಾ ಅನ್ನಬಾರದು" ಎಂದು ಒತ್ತಿದ. ಡಾಕ್ಟರ್ ಕಟ್ಟಿದರು. ಸಂಜೆಗೆ ಹತ್ತೊಂಬತ್ತು ಮಂದಿ ಕಟ್ಟಿದ್ದರು. ಮೂರು ತಿಂಗಳ ಬಾಡಿಗೆ ಕಳೆದ ಮೇಲೂ ಒಂದಿಷ್ಟು ಉಳಿಯಿತು. ಅತ್ತೆ ಎರಡು ಸಲ ಕೂಡಿ ನೋಡಿದರು. ಆಮೇಲೆ ಒಂದು ಬಟ್ಟೆ ಒದ್ದೆ ಮಾಡಿಕೊಂಡು, ಈಗಾಗಲೇ ಸ್ವಚ್ಛವಾಗಿದ್ದ ಕಿಟಕಿಯ ಗಾಜನ್ನು ತಾವೂ ಒಮ್ಮೆ ಒರೆಸಿದರು.

ಶನಿವಾರ ಹತ್ತಕ್ಕೆ ಹೇಳಿದ್ದ ಕವರ್‌ನವನು ಹತ್ತೂಕಾಲಿಗೆ ಅಳತೆಯ ಟೇಪು ಹಿಡಿದು ಬಂದ.

"ಕಿಟಕಿ ಖಾಲಿ ಇಲ್ಲಪ್ಪ" ಎಂದರು ಅತ್ತೆ.

ಅವನ ಮುಖ ಸಣ್ಣದಾಯಿತು. ಮಾವ ಮಾತ್ರ ಅವನ ಮಣಿಕಟ್ಟನ್ನೇ ನೋಡುತ್ತಿದ್ದರು. "ಹದಿನೈದು ನಿಮಿಷ ಹಿಂದಿದೆಯಲ್ಲ ನಿಮ್ಮದು."

"ಎರಡು ವರ್ಷದಿಂದ ಹಾಗೇ ಸಾರ್, ಮುಳ್ಳು ಸರಿ ಮಾಡಿದ್ರೂ ದಿನದೊಳಗೆ ಮತ್ತೆ ಹಿಂದೆ ಬೀಳುತ್ತೆ. ನಾನೇ ಮನಸ್ಸಲ್ಲಿ ಕೂಡಿಸ್ಕೊತೀನಿ. ಇವತ್ತು ಮರೆತುಹೋಯ್ತು."

"ಬಿಚ್ಚಿ ಕೊಡಿ."

ಮುಕ್ಕಾಲು ಗಂಟೆ ಅವನು ಟೇಪನ್ನು ಸುತ್ತಿ ಬಿಚ್ಚಿ ಕೂತಿದ್ದ. ಮಾವ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕಿಟಕಿಯ ಬೆಳಕಿಗೆ ಬಗ್ಗಿದ್ದರು. ಕೊನೆಗೆ ಎದ್ದು ಗಡಿಯಾರವನ್ನು ಅವನ ಕಿವಿಗೆ ಹಿಡಿದರು. ಅವನು ಉಸಿರು ಹಿಡಿದು ಕೇಳಿದ. ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಅತ್ತೆಯೂ ಕೂಡ.

"ಎಷ್ಟಾಯ್ತು ಸಾರ್?"

"ಇರ..." ಎಂದು ಶುರುಮಾಡಿದರು ಮಾವ. ಅತ್ತೆ ಕೆಮ್ಮಿದರು.

"ಎಂಬತ್ತು" ಎಂದರು ಮಾವ. "ಈಗ ಮೆಸೇಜ್ ಬರುತ್ತೆ. ಹೆದರಬೇಡಿ, ಒತ್ತಿ. ನಾನೇ ಕಳಿಸೋದು."

ಅವನು ಹೊಸ್ತಿಲ ಮೇಲೆ ನಿಂತೇ ಒತ್ತಿದ. ಗಡಿಯಾರಗಳ ಟಿಕ್‌ಟಿಕ್ ನಡುವೆ ನನ್ನ ಫೋನು ಟಿಣ್ ಎಂದಿತು.

"ನಿಮ್ಮ ಅಂಗಡೀಲಿ ನನಗೆ ಹಿಡಿಸಿದ ಗಂಟೆ ಇದೊಂದೇ ನೋಡಿ" ಎಂದರು ಅತ್ತೆ.

ಮಾವನಿಗೆ ಅದು ಕೇಳಿಸಲಿಲ್ಲ. ಅವರು ಆಗಲೇ ಇನ್ನೊಂದು ಗಡಿಯಾರದ ಮುಚ್ಚಳ ತೆಗೆದು ಕಿಟಕಿಯ ಕಡೆ ಬಗ್ಗಿದ್ದರು.