ಎರಡು ಜಡೆಯವಳು

ಸಾಯುತ್ತಿರುವ ಆ ನಕ್ಷತ್ರಕ್ಕೆ ದಾಖಲೆಗಳಲ್ಲಿ ಉದ್ದನೆಯದೊಂದು ಸಂಖ್ಯೆಯಿತ್ತು. ಮನೆಯಲ್ಲಿ ಮಾತ್ರ ಅದು ‘ಎರಡು ಜಡೆಯವಳು’. ಹೆಸರಿಟ್ಟವಳು ದೊಡ್ಡಮ್ಮ. ಮುದಿ ನಕ್ಷತ್ರ ತನ್ನ ಮೈಯ ಅನಿಲವನ್ನು ಬಿಚ್ಚಿ ಎಸೆಯುವಾಗ, ನಡುವಿಗೆ ಬಿಗಿದ ದೂಳಿನ ಪಟ್ಟಿ ಅದನ್ನು ಸುತ್ತಲೂ ಹರಡಗೊಡುವುದಿಲ್ಲ. ಅನಿಲ ಎರಡೇ ಕಡೆಗೆ ನುಗ್ಗುತ್ತದೆ, ಆಚೆಗೊಂದು ಈಚೆಗೊಂದು. ವೀಕ್ಷಣಾಲಯದ ಕತ್ತಲೆಕೋಣೆಯಲ್ಲಿ ಮೂವತ್ತೊಂದು ವರ್ಷ ಗಾಜಿನ ಫಲಕಗಳಲ್ಲಿ ಆಕಾಶದ ಚಿತ್ರ ಮೂಡಿಸಿದ ದೊಡ್ಡಮ್ಮನಿಗೆ ಅದು ಜಡೆಯಾಗಿಯೇ ಕಂಡಿತ್ತು. “ನಿನ್ನ ಹಾಗೇ ಕಣೇ. ಒಂದು ಜಡೇಲಿ ರಿಬ್ಬನ್ನೂ ಇದೆ,” ಎಂದು ತಂಗಿಯ ಮಗಳ ತಲೆ ಬಾಚುತ್ತ ಹೇಳುತ್ತಿದ್ದಳು. ರಿಬ್ಬನ್ನೆಂದರೆ ಆ ಅನಿಲದಲ್ಲೊಂದು ಹೊಳೆಯುವ ಗಂಟು.

ತಂಗಿಯ ಮಗಳು ಹುಟ್ಟಾ ಸಣಕಲಿ, ಹಾಗಾಗಿ ‘ಕಡ್ಡಿ’. ಈಗ ಅದೇ ವೀಕ್ಷಣಾಲಯದಲ್ಲಿ ಸಂಶೋಧಕಿ. ಇವತ್ತು ಅವಳಿಗೆ ತಲೆ ಕೆಟ್ಟುಹೋಗಿತ್ತು. ಹೊಸ ಚಿತ್ರದಲ್ಲಿ ರಿಬ್ಬನ್ನು ಎಡಜಡೆಯಲ್ಲಿ. ದೊಡ್ಡಮ್ಮನ ಮೂವತ್ತೆಂಟು ವರ್ಷದ ಹಿಂದಿನ ಫಲಕವನ್ನು ಸ್ಕ್ಯಾನ್ ಮಾಡಿದರೆ ಬಲಜಡೆಯಲ್ಲಿ!

“ಫಲಕದಲ್ಲೇ ಎಡವಟ್ಟು,” ಎಂದಿದ್ದರು ಮುಖ್ಯಸ್ಥರು. “ಕತ್ತಲಲ್ಲಿ ತಡಕಾಡಿ ಮಾಡಿದ ಕೆಲಸ, ಇನ್ನೇನಾಗುತ್ತೆ? ಆ ಕಪಾಟು ಪೂರ್ತಿ ನಂಬೋ ಹಾಗಿಲ್ಲ ಅಂತ ಸಂಜೆಯೊಳಗೆ ಬರೆದುಕೊಡಿ. ಗಾಜು ವಿಲೇವಾರಿ ಮಾಡೋಣ.”

ಆ ಕಪಾಟಿನ ನಾನೂರು ಫಲಕಗಳೂ ದೊಡ್ಡಮ್ಮನವು. ಮತ್ತೊಬ್ಬರ ಬಾಯಿಂದ ಕೇಳುವುದಕ್ಕಿಂತ ತಾನೇ ಹೇಳಿಬಿಡೋಣವೆಂದು ಕಡ್ಡಿ ಮಧ್ಯಾಹ್ನ ಮನೆಗೆ ಬಂದಳು. ದೊಡ್ಡಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅವಳ ಕಣ್ಣು ಈಗ ಬೆಳಕು ನೆರಳು ಬಿಟ್ಟು ಬೇರೇನನ್ನೂ ಹಿಡಿಯುತ್ತಿರಲಿಲ್ಲ. ಬಟ್ಟೆಯ ಅಂಚು ಮಾತ್ರ ಅಂಚಿಗೆ ಸರಿಯಾಗಿ ಕೂರುತ್ತಿತ್ತು.

“ಹೊತ್ತಲ್ಲದ ಹೊತ್ತಲ್ಲಿ ಬಂದಿದ್ದೀಯ. ಏನು ಒಡೆದೆ?”

“ಏನೂ ಒಡೆದಿಲ್ಲ ದೊಡ್ಡಮ್ಮಾ,” ಎಂದು ಕಡ್ಡಿ ಎಲ್ಲವನ್ನೂ ಹೇಳಿದಳು.

ಟವೆಲಿನ ಮೇಲಿದ್ದ ಕೈ ನಿಂತಿತು. “ನನ್ನ ಕಪಾಟು ಪೂರ್ತೀನಾ?”

“ಹೂಂ.”

“ನೀನು ಸೈನ್ ಹಾಕಬೇಕಾ?”

“ಹೂಂ.”

“ನನ್ನ ಚಪ್ಪಲಿ ಎಲ್ಲಿ ನೋಡು.”

ಎರಡು ಬೀದಿ ದಾಟಿದರೆ ವೀಕ್ಷಣಾಲಯ. ದೊಡ್ಡಮ್ಮ ಮೊಮ್ಮಕ್ಕಳ ಕೆನ್ನೆ ಸವರುವಂತೆ ಕಪಾಟನ್ನು ಸವರಿದಳು. ಆಮೇಲೆ ಕೈಚಾಚಿದಳು. “ಯಂತ್ರದಲ್ಲಿ ಹೇಗಿಟ್ಟಿದ್ಯೋ ಹಾಗೇ ಕೊಡು.”

ಬೆರಳುಗಳು ಫಲಕದ ಅಂಚಿನಗುಂಟ ಸರಿದವು. “ಬೆನ್ನ ಮೇಲೆ ಶಾಯೀಲಿ ಗುರುತು ಹಾಕಿದ್ದೆ. ದಪ್ಪಗೆ ಕೈಗೆ ಸಿಗ್ತಿತ್ತು. ಎಲ್ಲಿ?”

“ಚಿತ್ರಕ್ಕೆ ಅಡ್ಡ ಬರುತ್ತೆ ಅಂತ ಒರೆಸಿದೆ.”

“ಒರೆಸಿಬಿಟ್ಯಾ! ಮತ್ತೆ ಮುಖ ಯಾವುದು, ಬೆನ್ನು ಯಾವುದು ಅಂತ ಹೇಗೆ ಗೊತ್ತಾಯ್ತು?”

“ಹೊಳಪು ನೋಡಿ...” ಎಂದ ಕಡ್ಡಿ ಅಲ್ಲಿಗೇ ನಿಂತಳು. ಒರೆಸಿದ ಮೇಲೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಹೊಳೆದಿತ್ತು.

ದೊಡ್ಡಮ್ಮ ತುಟಿ ಒದ್ದೆ ಮಾಡಿಕೊಂಡು ಫಲಕದ ಮೂಲೆಗೆ ಮುತ್ತಿಟ್ಟಳು. ತಿರುಗಿಸಿ ಇನ್ನೊಂದು ಮುತ್ತು. ಕತ್ತಲೆಕೋಣೆಯಲ್ಲಿ ಕಣ್ಣಿಗೆ ಕೆಲಸವೆಲ್ಲಿ? ಅಲ್ಲಿನವರೆಲ್ಲ ಹೀಗೆಯೇ ನೋಡುತ್ತಿದ್ದರು. ಚಿತ್ರ ಮೂಡುವ ಲೇಪವಿರುವ ಮುಖ ತುಟಿಗೆ ಚೂರು ಅಂಟುತ್ತದೆ, ಬರಿಗಾಜು ಅಂಟುವುದಿಲ್ಲ.

“ಅಂಗಾತ ಮಲಗಿಸಬೇಕಾದವಳನ್ನ ಬೋರಲು ಮಲಗಿಸಿದ್ದೀಯಲ್ಲೇ ಕಡ್ಡಿ!” ದೊಡ್ಡಮ್ಮ ನಗತೊಡಗಿದಳು. “ಸುತ್ತಮುತ್ತಲ ನಕ್ಷತ್ರಗಳೂ ಅದಲುಬದಲಾಗಿರ್ಬೇಕಲ್ಲ. ನೋಡಲಿಲ್ವಾ?”

“ಅವನ್ನೆಲ್ಲ ಕತ್ತರಿಸಿ ತೆಗೆದಿದ್ದೆ. ಇವಳೊಬ್ಬಳನ್ನೇ ದೊಡ್ಡದಾಗಿ ನೋಡೋಣ ಅಂತ.”

“ಚೆನ್ನಾಗಿದೆ. ಅಕ್ಕಪಕ್ಕದವರನ್ನ ಓಡಿಸಿ ವಿಳಾಸ ಹುಡುಕ್ತಾ ಕೂತ ಹಾಗಾಯ್ತು.”

ಕಡ್ಡಿ ಫಲಕವನ್ನು ತಿರುಗಿಸಿ ಮತ್ತೆ ಸ್ಕ್ಯಾನ್ ಮಾಡಿದಳು. ರಿಬ್ಬನ್ನು ಎಡಜಡೆಗೇ ಬಂದು ಕೂತಿತು. ಹೊಸ ಚಿತ್ರವನ್ನು ಅದರ ಮೇಲಿಟ್ಟು ನೋಡಿದಳು.

“ದೊಡ್ಡಮ್ಮಾ, ರಿಬ್ಬನ್ನು ಜಾರಿದೆ!”

“ಎಷ್ಟು?”

ಕಡ್ಡಿ ಅವಳ ಹೆಬ್ಬೆರಳು ತೋರುಬೆರಳುಗಳನ್ನು ಹಿಡಿದು, ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟಳು. “ಇಷ್ಟು. ಇದರಿಂದ ಅವಳು ಯಾವಾಗ ಜಡೆ ಬಿಚ್ಚೋಕೆ ಶುರುಮಾಡಿದಳು ಅಂತ ಲೆಕ್ಕ ಹಾಕಬಹುದು. ನಿನ್ನ ಫಲಕ ಇಲ್ದಿದ್ರೆ ಆಗ್ತಾನೇ ಇರಲಿಲ್ಲ.”

“ಮೂವತ್ತೆಂಟು ವರ್ಷಕ್ಕೆ ಇಷ್ಟೇನಾ? ನಿಂದು ಶಾಲೆ ಗೇಟು ಮುಟ್ಟೋದ್ರೊಳಗೆ ಬಿದ್ದುಹೋಗ್ತಿತ್ತು.”

ಕಡ್ಡಿ ಮುಖ್ಯಸ್ಥರಿಗೆ ಎರಡೇ ಸಾಲು ಬರೆದಳು: ಕಪಾಟು ಸರಿಯಾಗಿದೆ. ಫಲಕವನ್ನು ಬೋರಲು ಇಟ್ಟವಳು ನಾನು. ಸಹಿ ಹಾಕಿ, ಶಾಯಿಯ ಪೆನ್ನನ್ನು ದೊಡ್ಡಮ್ಮನ ಕೈಗಿಟ್ಟು ಫಲಕದ ಬೆನ್ನನ್ನು ಮುಂದೆ ಹಿಡಿದಳು.

“ನಾನು ಒರೆಸಿದ ಗುರುತು. ನೀನೇ ಹಾಕು. ಇದೇ ಬೆನ್ನು.”

ದೊಡ್ಡಮ್ಮ ಬರೆಯುವ ಮೊದಲು ಬಗ್ಗಿ, ಮೂಲೆಯನ್ನು ಮತ್ತೊಮ್ಮೆ ತುಟಿಗೆ ತಾಗಿಸಿದಳು.

“ನನ್ನ ಮೇಲೆ ನಂಬಿಕೆ ಇಲ್ವಾ?”

“ನಿನ್ನ ಮೇಲಿದೆ. ನಿನ್ನ ಕಣ್ಣಿನ ಮೇಲಿಲ್ಲ,” ಎಂದು ದೊಡ್ಡಮ್ಮ ಗಾಜಿನ ಮೇಲೆ, ಕೈಗೆ ಸಿಗುವಷ್ಟು ದಪ್ಪಗೆ, ಗುರುತು ಹಾಕಿದಳು.