ಬೊಜ್ಜ ಮುಗಿದವನು

ಯಶ್ಮಿತಾಳಿಗೆ ಈ ಹುಚ್ಚು ಹತ್ತಿದ್ದು ಮಗಳ ಶಾಲೆಯ ದೆಸೆಯಿಂದ. ದೋಹಾದ ಇಂಗ್ಲಿಷ್ ಶಾಲೆಗಳಿಗೆ ಮಕ್ಕಳಿಗಿಂತ ತಂದೆತಾಯಿಯರ ಕೈಯಲ್ಲಿ ಹೋಮ್‌ವರ್ಕ್ ಮಾಡಿಸುವುದರಲ್ಲೇ ಸುಖ. ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ದೀಕ್ಷಿತಾ ಒಂದು ದೊಡ್ಡ ಚಾರ್ಟು ತಂದು ಹಾಲಿನಲ್ಲಿ ಹರಡಿದಳು. ಒಂದು ಮರದ ಚಿತ್ರ, ಕೊಂಬೆಗೊಂದು ಖಾಲಿ ಚೌಕ.

"ಅಮ್ಮಾ, ಅಪ್ಪಂದು ಗ್ರ್ಯಾಂಡ್‌ಫಾದರ್ ನೇಮ್ ಎಂತ?"

"ಅದು ಅಪ್ಪನಿಗೇ ಸರಿ ಗೊತ್ತಿಲ್ಲ ಪುಟ್ಟಾ. ನಮ್ಮಲ್ಲಿ ಲೆಕ್ಕ ಅಮ್ಮನ ಕಡೆಯಿಂದ."

"ನನ್ನನ್ನು ಬಿಟ್ಟುಬಿಡಿ. ನಿಮ್ಮ ಮರದಲ್ಲಿ ನಾನೊಂದು ಕಾಗೆ," ಎಂದ ಯಜ್ಞೇಶ್ ಸೋಫಾದಿಂದಲೇ. ಅಳಿಯಸಂತಾನದ ಮನೆಗಳಲ್ಲಿ ಗಂಡನ ಸ್ಥಾನ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ವಂಶವೆಂದರೆ ತಾಯಿ, ತಾಯಿಯ ತಾಯಿ, ಮತ್ತೆ ಅವರ ಅಣ್ಣತಮ್ಮಂದಿರು. ಗಂಡಂದಿರು ಬಂದುಹೋಗುವ ನೆಂಟರು.

ಹಾಗಾಗಿ ಯಶ್ಮಿತಾ ಮೂಲ್ಕಿಯ ಹತ್ತಿರದ ತನ್ನ ತವರು ಬಾಕಿಮಾರು ಮನೆಗೆ ವೀಡಿಯೊ ಕಾಲ್ ಮಾಡಿದಳು. ಅಜ್ಜಿ ಚೆನ್ನು ಎಂಬತ್ತು ದಾಟಿದವಳು. ಬೆಳಿಗ್ಗೆ ತಿಂದದ್ದು ಮರೆತರೂ ಸತ್ತವರ ಹೆಸರು ಮರೆತವಳಲ್ಲ. ತನ್ನ ಅಜ್ಜಿಯ ಅಜ್ಜಿಯವರೆಗೆ ಪಟಪಟನೆ ಹೇಳಿ, ತನ್ನ ಚೌಕಕ್ಕೆ ಬಂದಾಗ, "ನಾನು, ಮತ್ತೆ ನನ್ನ ತಮ್ಮ ತನಿಯ," ಎಂದಳು.

ಅಡುಗೆಮನೆಯಿಂದ ಅಮ್ಮ ಕೂಗಿದರು: "ತನಿಯ ಮಾವನನ್ನು ಸತ್ತವರ ಸಾಲಿಗೆ ಬರಿ. ಲಾಂಚು ಮುಳುಗಿ ಹೋದದ್ದಲ್ವಾ ಅವರು."

ಅಜ್ಜಿ ಅಡುಗೆಮನೆಯ ಕಡೆ ಕತ್ತು ಹೊರಳಿಸಿದಳು. ಅಮ್ಮ ಬಾವಿಕಟ್ಟೆಯ ಕಡೆಗೆ ಹೋದದ್ದನ್ನು ನೋಡಿಕೊಂಡು ಬಾಯಿಯನ್ನು ಫೋನಿಗೆ ಒತ್ತಿ ಹಿಡಿದಳು. "ಹಾಗೆ ಬರೀಬೇಡ ಮಗಾ. ಅವ ನೀನಿರುವ ಊರಲ್ಲೇ ಇರ್ಬೇಕು. ಇದ್ದಾನಾ ಇಲ್ವಾ, ಅಷ್ಟು ತಿಳ್ಕೊಂಡು ಹೇಳು. ಆಟಿ ತಿಂಗಳು ಬರುವ ಮೊದಲು ಹೇಳು. ನಿನ್ನಮ್ಮನಿಗೆ ಗೊತ್ತಾಗುದು ಬೇಡ."

ತನಿಯಜ್ಜನ ಕತೆ ಯಶ್ಮಿತಾಳಿಗೆ ಗೊತ್ತಿದ್ದದ್ದೇ. ಎಪ್ಪತ್ತರ ದಶಕದಲ್ಲಿ ಬೊಂಬಾಯಿಗೆ ಹೋಗಿ, ಅಲ್ಲಿಂದ ಪಾಸ್‌ಪೋರ್ಟೂ ಇಲ್ಲದೆ ಗಲ್ಫಿನ ಲಾಂಚು ಹತ್ತಿದವನು. ಆ ವರ್ಷ ಒಂದು ಲಾಂಚು ಮುಳುಗಿದ ಸುದ್ದಿ ಬಂತು, ಅವನ ಸುದ್ದಿ ಬರಲಿಲ್ಲ. ಹನ್ನೆರಡು ವರ್ಷ ಕಾದರು. ಅಷ್ಟರಲ್ಲಿ ಅಜ್ಜಿಯ ಮಗಳು, ಅಂದರೆ ಯಶ್ಮಿತಾಳ ಅಮ್ಮ, ಮದುವೆಗೆ ಬಂದಿದ್ದರು. ನೋಡಲು ಬಂದವರೆಲ್ಲ ಒಪ್ಪಿ ಹೋಗುವುದು, ಆಮೇಲೆ ಏನೋ ಒಂದು ನೆಪದಲ್ಲಿ ಸಂಬಂಧ ಮುರಿಯುವುದು. ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ, ಗತಿ ಕಾಣದ ಕುಲೆಯೊಂದು ಅಡ್ಡ ನಿಂತಿದೆ ಎಂದು ಬಂತು. ಕುಲೆಯೆಂದರೆ ಸತ್ತವರ ಜೀವ. ಮತ್ತೆ ಯಾರೂ ತಡಮಾಡಲಿಲ್ಲ. ಹುಲ್ಲಿನ ಹೆಣ ಕಟ್ಟಿ ಸುಟ್ಟು, ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟ ಹಾಕಿ, ತನಿಯನನ್ನು ಗುರುಹಿರಿಯರ ಜೊತೆ ಸೇರಿಸಿ ಕೈತೊಳೆದುಕೊಂಡರು. ಅದೇ ವರ್ಷ ಅಮ್ಮನ ಮದುವೆಯಾಯಿತು. ಸೋದರಮಾವ ನಿಲ್ಲಬೇಕಾದ ಧಾರೆಯಲ್ಲಿ ದೂರದ ಯಾರೋ ನಿಂತರು.

ಅಂದಿನಿಂದ ಪ್ರತಿ ವರ್ಷ, ತುಳುವರ ಆಷಾಢವಾದ ಆಟಿ ತಿಂಗಳ ಮೊದಲ ಮಂಗಳವಾರ, ಸತ್ತವರಿಗೆಲ್ಲ ಬಡಿಸುವಾಗ ತನಿಯನ ಹೆಸರಿಗೂ ಒಂದು ಎಲೆ. ಕೋಳಿ, ರೊಟ್ಟಿ, ಕಳ್ಳು. ಬಡಿಸಿ ಮುಗಿದ ಮೇಲೆ, ಸತ್ತವರು ಬಂದು ಉಣ್ಣಲೆಂದು, ಕೊನೆಗೆ ಒಳಗಿದ್ದು ಬಾಗಿಲು ಎಳೆದು ಬರುವುದು ಮನೆಯ ಹಿರಿಯ ಹೆಂಗಸು ಚೆನ್ನಜ್ಜಿ. ಹೊರಗೆ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕೂತಿರುತ್ತಿದ್ದದ್ದು ಯಶ್ಮಿತಾಳಿಗೆ ನೆನಪಿದೆ.

ಸತ್ತು ಬೊಜ್ಜವೂ ಆದವನು ಕತಾರಿನಲ್ಲಿ ಇರಬೇಕು ಎನ್ನುತ್ತಾಳಲ್ಲ, ಅಜ್ಜಿಗೆ ಅರಳುಮರಳು ಎಂದುಕೊಂಡಳು ಯಶ್ಮಿತಾ. ಆದರೆ ಮರುದಿನವೂ ಕರೆ ಬಂತು, ಅದರ ಮರುದಿನವೂ. ಅಜ್ಜಿಯ ಕಡೆಯಿಂದ ಒಂದೇ ಮಾತು: "ಸಿಕ್ಕಿದನಾ?" ಹೇಗೆ ಗೊತ್ತು ಎಂದರೂ ಮತ್ತೆ ಅದೇ ಪ್ರಶ್ನೆ. ಕೇಳುವಾಗ ಆ ಮುಖದಲ್ಲಿದ್ದದ್ದು ಮರುಳಲ್ಲ, ಹೆದರಿಕೆ. ಅದನ್ನು ನೋಡಿದ ಮೇಲೆ ಯಶ್ಮಿತಾಳಿಗೆ ಸುಮ್ಮನೆ ಕೂರಲಾಗಲಿಲ್ಲ.

ಹುಡುಕುವುದೆಂದರೆ ಹೇಗೆ? ಕರಾವಳಿಯವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಹಾಕಿದಳು. ನಾಲ್ಕು ಜನ ಕೈಮುಗಿದರು, ಒಬ್ಬರು ಗುಡ್ ಮಾರ್ನಿಂಗ್ ಹೂವು ಕಳಿಸಿದರು. ಸೂಕ್ ವಾಕಿಫ್‌ನಲ್ಲಿ ಹಳೆಯ ಅಂಗಡಿಗಳವರನ್ನು ಕೇಳಿದಳು. ಕೊನೆಗೆ ದಾರಿ ತೋರಿಸಿದ್ದು ಲುಸೈಲ್‌ನ ಆಫೀಸಿನಲ್ಲಿ ಅವಳ ಎದುರು ಕೂರುವ ಮಂಗಳೂರಿನ ಲೊರ್ನಾ.

"ಲಾಂಚಿನಲ್ಲಿ ಬಂದವರ ಸುದ್ದಿ ಗ್ರೂಪಲ್ಲಿ ಸಿಗ್ತದಾ ಮಾರಾಯ್ತಿ? ಉಮ್ಮ್ ಸಲಾಲ್‌ನಲ್ಲಿ ಝೈನಬಕ್ಕ ಇದ್ದಾರೆ. ಅವರ ಗಂಡ ಅಬ್ಬಾಸ್ ಬ್ಯಾರಿ ಪೇಪರ್ ಇಲ್ಲದೆ ಬಂದ ನಮ್ಮ ಕಡೆಯವರಿಗೆಲ್ಲ ಅನ್ನ ಹಾಕಿದವರು. ನನ್ನ ಡ್ಯಾಡಿ ಯಾವಾಗಲೂ ಹೇಳ್ತಿದ್ರು."

ಉಮ್ಮ್ ಸಲಾಲ್! ಯಶ್ಮಿತಾಳ ಮನೆಯಿರುವುದೂ ಅಲ್ಲೇ.

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಹೋದಳು. ಝೈನಬಕ್ಕ ಅರವತ್ತರ ಆಸುಪಾಸಿನವರು; ಗಂಡ ತೀರಿಕೊಂಡು ಮಗನ ಜೊತೆ ಇದ್ದರು. ತುಳು ಕಿವಿಗೆ ಬಿದ್ದದ್ದೇ ತಡ, ಸುಲೈಮಾನಿ ಚಹಾದ ಜೊತೆ ತಿಂಡಿಯ ತಟ್ಟೆಯೂ ಬಂತು. ತನಿಯ ಎಂಬ ಹೆಸರು ಹೇಳಿದಾಗ, "ತನಿಯಣ್ಣನಾ? ಗೊತ್ತಿಲ್ದೆ ಉಂಟಾ!" ಎಂದು ನಕ್ಕರು. ಮನೆಯ ಹೆಸರು ಹೇಳಿದಾಗ ನಗು ನಿಂತಿತು.

"ಬಾಕಿಮಾರು ಮನೆಯವಳಾ ನೀನು? ಚೆನ್ನಕ್ಕ ನಿನಗೆ ಏನಾಗ್ಬೇಕು?"

"ಅಮ್ಮನ ಅಮ್ಮ."

ಝೈನಬಕ್ಕ ಅವಳನ್ನೇ ದಿಟ್ಟಿಸಿದರು. "ಹಾಗಾದ್ರೆ ಅವತ್ತು ಹೊಟ್ಟೆಯಲ್ಲಿದ್ದದ್ದು ನೀನು."

ಆಮೇಲೆ ಅವರು ಹೇಳಿದ್ದು ಇದು. ತನಿಯ ಮುಳುಗಿರಲಿಲ್ಲ. ದಡ ಕಾಣುವಲ್ಲಿ ಲಾಂಚಿನವರು ನೀರಿಗೆ ಇಳಿಸಿದರು, ಈಜಿ ಬಂದ. ಕಾಗದಪತ್ರ ಇಲ್ಲ, ಅಕ್ಷರ ಬಾರದು. ಒಬ್ಬ ಅರಬಿಯ ತೋಟದಲ್ಲಿ ಆಡು ಮೇಯಿಸಿಕೊಂಡು ಅಡಗಿ ಕೂತ. ಯಾರದೋ ಕೈಯಲ್ಲಿ ಬರೆಸಿ ಕೊಟ್ಟ ಕಾಗದಗಳು ಊರಿಗೆ ಮುಟ್ಟಿದವೋ ಇಲ್ಲವೋ ದೇವರಿಗೇ ಗೊತ್ತು. ಅಂತೂ ಅರಬಿಯ ಕೈಕಾಲು ಹಿಡಿದು ಪೇಪರ್ ಸರಿಮಾಡಿಸಿಕೊಂಡು, ಅಕ್ಕನ ಮಗಳ ಮದುವೆಗೆಂದು ಸೀರೆ ತೆಗೆದಿಟ್ಟು, ರಜೆಗೆ ಊರಿಗೆ ಹೊರಟಿದ್ದ ಅಬ್ಬಾಸ್ ಬ್ಯಾರಿಯ ಹತ್ತಿರ, "ನಾನು ಬರುತ್ತೇನೆಂದು ಅಕ್ಕನಿಗೆ ಹೇಳಿ" ಎಂದಿದ್ದ.

"ನನಗೆ ಆಗಷ್ಟೇ ಮದುವೆ ಆದದ್ದು. ಇವರ ಜೊತೆ ನಾನೂ ಬಂದಿದ್ದೆ ನಿಮ್ಮ ಮನೆಗೆ. ನಿನ್ನಮ್ಮ ತುಂಬಿದ ಬಸುರಿ, ಒಳಗೆ ಮಲಗಿದ್ರು. ಇವರು ಸುದ್ದಿ ಹೇಳಿದ್ದಕ್ಕೆ ಚೆನ್ನಕ್ಕ ಹಾಗೇ ಕುಸಿದು ಕೂತ್ರು. ಆಮೇಲೆ ಎದ್ದು ಒಳಬಾಗಿಲು ಹಾಕಿ ಬಂದ್ರು. ಬರುದು ಬೇಡ ಅಂತ ಹೇಳಿ, ಅಂದ್ರು. ಬೊಜ್ಜ ಮುಗಿದವನು ಹೊಸ್ತಿಲು ದಾಟಿದ್ರೆ ಅವ ತಮ್ಮ ಅಲ್ಲ, ಕುಲೆ. ಮನೆಯಲ್ಲಿ ಬಸುರಿ ಇದ್ದಾಳೆ. ಹೆಣ್ಣು ಹುಟ್ಟಿದ್ರೆ ಮಾತ್ರ ಈ ಮನೆ ಉಳಿಯುದು. ನನ್ನ ತಮ್ಮನಿಗೆ ಇದು ಅರ್ಥ ಆಗ್ತದೆ ಅಂದ್ರು. ಹೇಳುವಾಗ ಕಣ್ಣೀರು ಧಾರೆ, ಆದ್ರೆ ಹೇಳಿದ್ರು."

ಯಶ್ಮಿತಾ ಚಹಾದ ಲೋಟ ಕೆಳಗಿಟ್ಟಳು. ಒಬ್ಬ ಮನುಷ್ಯನನ್ನು ಜೀವಂತ ಹೂತು, ಆ ಮಣ್ಣಿನ ಮೇಲೆ ತನ್ನ ತೊಟ್ಟಿಲು ಕಟ್ಟಿದ್ದರು.

"ಇದನ್ನು ಕೇಳಿ ತನಿಯಜ್ಜ ಏನು ಹೇಳಿದ್ರು, ಝೈನಬಕ್ಕ?"

"ಅನ್ನ ತಿಂತಿದ್ದ. ಬೊಜ್ಜಕ್ಕೆ ಊಟ ಎಂತ ಮಾಡಿದ್ರಂತೆ, ಜನ ಸೇರಿದ್ದಾರಾ ಅಂತ ಕೇಳಿದ. ಇವರಿಗೆ ಅಳು ಬಂತು. ಮತ್ತೆ ಊರಿನ ಸುದ್ದಿ ಎತ್ತಿದ್ದೇ ಇಲ್ಲ. ಮದುವೆ ಬೇಡ ಅಂದ. ಸತ್ತವನಿಗೆ ಯಾರು ಹೆಣ್ಣು ಕೊಡ್ತಾರೆ ಅಂತ ತಮಾಷೆ ಮಾಡ್ತಿದ್ದ. ಆದ್ರೆ ಆಟಿಯಲ್ಲಿ ಒಂದು ಮಂಗಳವಾರ ಮಾತ್ರ ನೀರು ಸಹ ಮುಟ್ಟುವವನಲ್ಲ. ನಾನು ಎಷ್ಟು ಕರೆದ್ರೂ ಇಲ್ಲ. ಇವತ್ತು ಅಕ್ಕ ನನಗೆ ಅಲ್ಲಿ ಬಡಿಸ್ತಾಳೆ, ಇಲ್ಲಿ ತಿಂದ್ರೆ ಅದು ಸೇರುದಿಲ್ಲ ಅಂತ ಹೇಳುದು. ಬಿಸಿಲಲ್ಲಿ ಆಡಿನ ಹಿಂದೆ ಹೋಗಿ ಸಂಜೆ ಬಂದು, ಊಟ ಚೆನ್ನಾಗಿತ್ತು ಝೈನಬಾ ಅನ್ನುದು."

"ಈಗ..."

"ಎರಡು ವರ್ಷ ಆಯ್ತು ಮಗಳೇ. ಇಲ್ಲೇ ಮಣ್ಣು ಮಾಡಿದ್ದು. ಊರಿಗೆ ಕಳಿಸ್ಲಿಕ್ಕೆ ಅಲ್ಲಿ ತೆಗೊಳ್ಳುವವರ ಹೆಸರು ಬೇಕಲ್ಲ? ನನ್ನ ಹೆಣ ಒಮ್ಮೆ ಸುಟ್ಟಾಗಿದೆ, ಇನ್ನೊಮ್ಮೆ ಕಳಿಸಿ ಅವರಿಗೆ ಕಷ್ಟ ಕೊಡ್ಬೇಡಿ ಅಂತ ಅವನೇ ಹೇಳಿದ್ದ."

ಎರಡು ವರ್ಷ. ಯಶ್ಮಿತಾ ಈ ಊರಿಗೆ ಬಂದು ಅದಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ಆ ತೋಟ ಅವಳು ದಿನಾ ಲುಸೈಲ್‌ಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಇತ್ತು. ವಾಪಸು ಬರುವಾಗ ಅವಳು ಕಾರು ನಿಲ್ಲಿಸಿ ಬಿಕ್ಕಿ ಬಿಕ್ಕಿ ಅತ್ತಳು. ಯಜ್ಞೇಶ್ ಫೋನು ಮಾಡಿ ಎಲ್ಲಿದ್ದೀ ಎಂದು ಕೇಳಿದರೆ ಟ್ರಾಫಿಕ್ ಎಂದಳು.

ಅಜ್ಜಿಗೆ ಹೇಳಬಾರದು ಎಂದು ನಿರ್ಧರಿಸಿಯೇ ಮನೆಗೆ ಬಂದದ್ದು. ಆದರೆ ಆಟಿಗೆ ಕೆಲವೇ ದಿನ ಉಳಿದಿತ್ತು. ಶನಿವಾರ ಬೆಳಿಗ್ಗೆ ಪರದೆಯ ಮೇಲೆ ಅಜ್ಜಿಯ ಮುಖ ಮೂಡಿತು. ಅಮ್ಮ ಸಂತೆಗೆ ಹೋಗಿದ್ದರು.

"ಸಿಕ್ಕಿದನಾ?"

"ಅಜ್ಜಿ, ಝೈನಬಕ್ಕ ಸಿಕ್ಕಿದ್ರು. ಅಬ್ಬಾಸ್ ಬ್ಯಾರಿಯವರ ಹೆಂಡತಿ."

ಅಜ್ಜಿ ಕಣ್ಣು ಮುಚ್ಚಿದಳು. ಹಾಗಾದರೆ ಎಲ್ಲ ಗೊತ್ತಾಗಿದೆ ಎಂದು ಅವಳಿಗೆ ತಿಳಿಯಿತು. ಯಾವ ಸಮಜಾಯಿಷಿಯನ್ನೂ ಹೇಳಲಿಲ್ಲ. "ಇದ್ದಾನಾ, ಇಲ್ವಾ?"

"ಇಲ್ಲ ಅಜ್ಜಿ. ಎರಡು ವರ್ಷ ಆಯ್ತಂತೆ."

ಅಜ್ಜಿ ಅಳಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಅದನ್ನು ನೋಡಿ ಯಶ್ಮಿತಾಳಿಗೆ ತಡೆಯಲಾಗಲಿಲ್ಲ. ಸಮಾಧಾನಕ್ಕೆಂದು ಏನಾದರೂ ಹೇಳಬೇಕು, ತನ್ನ ಕೈಯಲ್ಲಿದ್ದ ಒಂದೇ ಒಂದು ಒಳ್ಳೆಯ ಮಾತನ್ನಾದರೂ ಕೊಡಬೇಕು ಅನಿಸಿತು. ಹೇಳಿಬಿಟ್ಟಳು.

"ಅವರಿಗೆ ನಿನ್ನ ಮೇಲೆ ಸಿಟ್ಟಿರ್ಲಿಲ್ಲ ಅಜ್ಜಿ. ಪ್ರತಿ ವರ್ಷ ಆಟಿಯ ಮಂಗಳವಾರ ಇಲ್ಲಿ ಏನೂ ತಿಂತಿರ್ಲಿಲ್ಲಂತೆ. ಅಕ್ಕ ಬಡಿಸ್ತಾಳೆ ಅಂತ ಕಾಯ್ತಿದ್ರಂತೆ. ಊಟ ಚೆನ್ನಾಗಿತ್ತು ಅಂತಿದ್ರಂತೆ ಸಂಜೆಗೆ."

ಅಜ್ಜಿಯ ಮುಖ ನೋಡನೋಡುತ್ತ ಬಿಳಿಚಿಕೊಂಡಿತು.

"ಕಾಯ್ತಿದ್ದನಾ?"

"ಹೌದು ಅಜ್ಜಿ."

"ನಾನು ಬಡಿಸ್ಲೇ ಇಲ್ಲ ಮಗಾ." ಅಜ್ಜಿಯ ಸ್ವರ ತೀರಾ ಸಣ್ಣದಾಗಿತ್ತು. "ಜೀವ ಇದ್ದವನಿಗೆ ಬಡಿಸಿದ್ರೆ ಅವನ ಆಯಸ್ಸು ಹೋಗ್ತದೆ ಅಂತ. ಬ್ಯಾರಿ ಬಂದು ಹೇಳಿದ ವರ್ಷದಿಂದ, ಎಲ್ಲರೂ ಹೊರಗೆ ಹೋದ ಮೇಲೆ ಅವನ ಎಲೆಯದ್ದನ್ನೆಲ್ಲ ತೆಗೆದು ನನ್ನ ಅಮ್ಮನ ಎಲೆಗೆ ಹಾಕ್ತಿದ್ದೆ. ಅವ ಬದುಕಿರ್ಲಿ ಅಂತ. ಅವನಿಗೆ ಒಂದು ತುತ್ತೂ ಕೊಡ್ಲಿಲ್ಲ ನಾನು."

"ಅಜ್ಜಿ..."

"ಸತ್ತ ಮೇಲೂ ಬಂದಿರ್ತಾನಲ್ಲ, ಎರಡು ವರ್ಷ. ಬಂದು ಕೂತು, ಖಾಲಿ ಎಲೆ ನೋಡಿ ಹೋಗಿರ್ತಾನೆ."

ಯಶ್ಮಿತಾ ಬಾಯಿ ತೆರೆದಳು. ಈ ವರ್ಷ ಬಡಿಸೋಣ ಅಜ್ಜಿ, ಬೇಕಾದ್ದೆಲ್ಲ ಬಡಿಸೋಣ ಎಂದಳು. ಅಜ್ಜಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಫೋನನ್ನು ಹಿಡಿದ ಕೈ ಸೋತು ಮಡಿಲಿಗೆ ಬಿತ್ತು. ಪರದೆಯ ತುಂಬ ಮನೆಯ ಮಾಡಿನ ಹೆಂಚು. ಆಚೆಯಿಂದ ಸ್ವರವೊಂದೇ ಬರುತ್ತಿತ್ತು. ಅಜ್ಜಿ ಯಾರನ್ನೋ ಎದುರು ಕೂರಿಸಿಕೊಂಡವಳಂತೆ, ಹಸಿವಾಯ್ತಾ ತನಿಯ, ಹಸಿವಾಯ್ತಾ ಎಂದು ಕೇಳುತ್ತಿದ್ದಳು. ಯಶ್ಮಿತಾ ಕರೆ ಕತ್ತರಿಸಲಿಲ್ಲ. ಅಮ್ಮ ಸಂತೆಯಿಂದ ಬರುವವರೆಗೂ ಕೇಳುತ್ತ ಕೂತಿದ್ದಳು.